ಎಂಟು ಬೆರಳಿನ ಜಾಗ

ಬಿಸಿ ತಾಗಿದರೆ ಕಬ್ಬಿಣ ಬೆಳೆಯುತ್ತದೆ. ನಮ್ಮೂರು ಕಾಲಿಸುಮುಪ್‌ನ ಜನಕ್ಕೆ ಇದು ನನ್ನ ಬಾಯಿಂದ ಕೇಳಿ ಕೇಳಿ ತಮಾಷೆಯ ಮಾತಾಗಿಬಿಟ್ಟಿತ್ತು. ನಾನು ಟೀ ಅಂಗಡಿಗೆ ಕಾಲಿಟ್ಟರೆ ಸಾಕು, "ಬಂದ ನೋಡ್ರೋ ತ್ರಿಮೊ, ಇವನ ಪೈಪು ಇವತ್ತು ಎಷ್ಟುದ್ದ ಆಯ್ತು ಕೇಳಿ" ಎಂದು ಶುರು ಮಾಡುತ್ತಿದ್ದರು. ನಾನೂ ಹಲ್ಲು ಕಿರಿದು, "ನಿಮ್ಮ ನಾಲಿಗೆಯಷ್ಟು" ಎನ್ನುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೇ ನಕ್ಕು ಕಳೆದೆವು. ನಗಿಸುವ ಬದಲು ಒಂದು ದಿನ ಹೆದರಿಸಿದ್ದರೆ ನನ್ನ ಅತ್ತಿಗೆ ಇವತ್ತು ಬದುಕಿರುತ್ತಿದ್ದರು.

ಗುಡ್ಡದ ಮೇಲೆ ನೆಲದೊಳಗಿನ ಹಬೆ ತೆಗೆಯುವ ಬಾವಿಗಳಿಂದ ಕೆಳಗಿನ ವಿದ್ಯುತ್ ಕೇಂದ್ರದವರೆಗೆ ಏಳು ಕಿಲೋಮೀಟರ್ ಪೈಪು ಇದೆ. ಆಲೂಗಡ್ಡೆ ಹೊಲಗಳ ನಡುವೆ ಅದರ ಪಕ್ಕದಲ್ಲೇ ನಡೆಯುತ್ತ ಅದನ್ನು ಕಾಯುವುದು ನನ್ನ ಕೆಲಸ. ಪೈಪನ್ನು ಎಲ್ಲ ಕಡೆ ಬಿಗಿದು ಕಟ್ಟುವಂತಿಲ್ಲ. ಅಲ್ಲೊಂದು ಇಲ್ಲೊಂದು ಕಾಂಕ್ರೀಟ್ ದಿಮ್ಮಿಗೆ ಮಾತ್ರ ಅದನ್ನು ಕಚ್ಚಿಸಿರುತ್ತಾರೆ. ಉಳಿದ ಕಡೆ ಅದು ಉಕ್ಕಿನ ಪಾದಗಳ ಮೇಲೆ ಕೂತು ತನ್ನಷ್ಟಕ್ಕೆ ಜಾರುತ್ತದೆ. ಎರಡು ದಿಮ್ಮಿಗಳ ನಡುವೆ ಒಂದು ಕಡೆ ಪೈಪು ನೆಟ್ಟಗೆ ಮೇಲೆದ್ದು, ಅಡ್ಡ ಹೋಗಿ, ಮತ್ತೆ ಕೆಳಗಿಳಿಯುತ್ತದೆ. ಕಬ್ಬಿಣ ದಂಡ ಮಾಡಿದ್ದಾರೆ ಎಂದು ಹೊಸಬರು ಗೊಣಗುತ್ತಾರೆ. ಆದರೆ ಪೈಪಿನ ಜೀವ ಇರುವುದೇ ಆ ಬಾಗಿನಲ್ಲಿ. ಬೆಳೆದ ಉದ್ದವನ್ನು ಅದರ ಎರಡು ಕಾಲುಗಳು ಒಳಕ್ಕೆ ಬಗ್ಗಿ ನುಂಗಿಕೊಳ್ಳುತ್ತವೆ.

ನಮ್ಮೂರಿನ ಬಾಗು ಊರೊಳಗೆ ಬರುವ ರಸ್ತೆಯ ಮೇಲೇ ನಿಂತಿದೆ. ಲಾರಿ ಅದರಡಿ ಸಲೀಸಾಗಿ ದಾಟುತ್ತದೆ. ಎರಡೂ ಕಡೆಯಿಂದ ಎಂಬತ್ತೆಂಬತ್ತು ಮೀಟರ್ ಪೈಪು ಅದನ್ನು ತಳ್ಳುತ್ತದೆ. ತಣ್ಣಗಿದ್ದ ಪೈಪು ಪೂರ್ತಿ ಬಿಸಿಯಾಗುವ ಹೊತ್ತಿಗೆ ಒಂದೊಂದು ಕಾಲೂ ರಸ್ತೆಯ ಕಡೆಗೆ ಎಂಟು ಬೆರಳು ಸರಿದಿರುತ್ತದೆ. ಅಷ್ಟು ಜಾಗ ಅದಕ್ಕೆ ಬೇಕೇ ಬೇಕು. ಕೊಡದಿದ್ದರೆ ಕಿತ್ತುಕೊಳ್ಳುತ್ತದೆ.

ಪ್ರತಿ ಆಗಸ್ಟ್‌ನಲ್ಲಿ, ಹದಿನೇಳರ ಸ್ವಾತಂತ್ರ್ಯದ ದಿನಕ್ಕೆ, ಊರ ಬಾಗಿಲಿಗೊಂದು ಸ್ವಾಗತ ಕಮಾನು ಕಟ್ಟುವುದು ನಮ್ಮ ಕಡೆಯ ಪದ್ಧತಿ. ಎಲ್ಲ ಊರಿನವರೂ ಕಟ್ಟುತ್ತಾರೆ, ತಾಲ್ಲೂಕಿನಿಂದ ತೀರ್ಪುಗಾರರು ಬಂದು ನೋಡುತ್ತಾರೆ. ನಮಗೆ ಕಮಾನು ಪುಕ್ಕಟೆ ಸಿಕ್ಕಿತ್ತು. ಪೈಪಿನ ಬಾಗಿಗೆ ಬಿದಿರು ಬಿಗಿದು ಕೆಂಪು ಬಿಳಿ ಕಾಗದ ಸುತ್ತಿದರೆ ಮುಗಿಯಿತು. ಹೋದ ವರ್ಷ ಪಕ್ಕದ ಗೊಂಡಾಂಗ್‌ನವರು ಇಟ್ಟಿಗೆಯ ಕಮಾನು ಕಟ್ಟಿ ಗೆದ್ದರು. ಗೆದ್ದದ್ದು ಸಾಲದು ಅಂತ, "ಕಾಲಿಸುಮುಪ್‌ನವರು ಕಂಪನಿ ಪೈಪಿಗೆ ಸರಂಗ್ ಲುಂಗಿ ಉಡಿಸಿ ನಮ್ದು ಅಂತಾರೆ" ಎಂದು ಸಂತೆಯಲ್ಲೆಲ್ಲ ಆಡಿಕೊಂಡು ನಕ್ಕರು. ಆ ಮಾತು ನನ್ನಣ್ಣ ದಾರ್ಸಾನ್‌ಗೆ ಮೂಳೆಯವರೆಗೆ ಚುಚ್ಚಿತು. ಅವರು ನಮ್ಮೂರಿನ ಮುಖಂಡರು, ಹದಿನೆಂಟು ವರ್ಷದಿಂದ.

ಅಪ್ಪ ಅಮ್ಮ ಹೋದಾಗ ನನಗೆ ಐದು ವರ್ಷ, ಅಣ್ಣನಿಗೆ ಇಪ್ಪತ್ತು. ಮರುವರ್ಷ ಅತ್ತಿಗೆ ತುಮಿರಾ ಮದುವೆಯಾಗಿ ಬಂದರು. ನನಗೆ ಅನ್ನ ಕಲಸಿ ಬಾಯಿಗಿಟ್ಟವರು ಅವರು, ಶಾಲೆಗೆ ದಬ್ಬಿದವರು ಅಣ್ಣ. ನಮ್ಮಲ್ಲಿ ಹಿರಿಯರ ಮುಖಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಅದರಲ್ಲೂ ನಾಲ್ಕು ಜನರ ಎದುರಿಗೆ ಅನ್ನುವುದು ಅವರ ತಲೆಯ ಟೋಪಿ ತೆಗೆದು ಬೀದಿಗೆಸೆದ ಹಾಗೆ. ನಾನಂತೂ ಆ ಮನೆಯ ಅನ್ನ ತಿಂದವನು.

ಈ ವರ್ಷ ಬಾವಿಗಳ ದುರಸ್ತಿ ಮೊದಲ ಸಲ ಆಗಸ್ಟ್‌ನಲ್ಲಿ ಬಿತ್ತು. ಜುಲೈ ಕೊನೆಗೆ ಹಬೆ ನಿಲ್ಲಿಸಿದರು, ಪೈಪು ಹೆಣದ ಹಾಗೆ ತಣ್ಣಗಾಯಿತು. ನನ್ನನ್ನು ಮೇಲಿನ ಬಾವಿಗಳ ಕೆಲಸಕ್ಕೆ ಎರಡು ವಾರ ಕಳಿಸಿದರು. ವಾಪಸ್ ಇಳಿದು ಬಂದಾಗ ರಸ್ತೆಯಲ್ಲಿ ಇಡೀ ಊರೇ ಸೇರಿತ್ತು. ಬಾಗಿನ ಎರಡೂ ಕಾಲುಗಳ ಸುತ್ತ ಇಟ್ಟಿಗೆಯ ಕಂಬ ಎದ್ದು, ಎದೆಮಟ್ಟ ಬಂದಿತ್ತು. ಅಣ್ಣ ಸಿಮೆಂಟಿನ ಕೈಯಲ್ಲೇ ಲವಂಗದ ಸಿಗರೇಟು ಸೇದುತ್ತ ನಿಂತಿದ್ದರು.

"ಹೆಂಗಿದೆಯೋ? ಗೊಂಡಾಂಗ್‌ನವರ ಹೊಟ್ಟೆಗೆ ಮೆಣಸಿನಕಾಯಿ ಇಟ್ಟಂಗಾಗುತ್ತೆ ನೋಡು!"

"ಚೆನ್ನಾಗಿದೆ ಅಣ್ಣ" ಎಂದೆ. ಏನೇ ಇರಲಿ, ಮೊದಲು ಹಾಗೇ ಅನ್ನಬೇಕು. ಆಮೇಲೆ ಅವರನ್ನು ಸ್ವಲ್ಪ ಪಕ್ಕಕ್ಕೆ ಕರೆದೆ. "ಆದ್ರೆ ಪೈಪು ಈಗ ತಣ್ಣಗಿದೆ. ಸ್ಟೀಮು ಬಿಟ್ರೆ ಸರಿಯುತ್ತೆ."

"ಶುರುವಾಯ್ತಲ್ಲ ಇವನ ಪುರಾಣ!" ಅಣ್ಣ ಕೆಲಸಗಾರರ ಕಡೆ ತಿರುಗಿದರು, ಅವರೆಲ್ಲ ನಕ್ಕರು. "ಲೋ, ನಾನು ಎಷ್ಟು ವರ್ಷದಿಂದ ಇದಕ್ಕೆ ಬಿದಿರು ಕಟ್ಟಿದ್ದೀನಿ? ಒಂದೇ ಒಂದು ಗಂಟು ಸಡಿಲ ಆಗಿದೆಯಾ?"

ಆಗಿರಲಿಲ್ಲ, ನಿಜ. ಅವರು ಬಿದಿರು ಕಟ್ಟುತ್ತಿದ್ದ ಪ್ರತಿ ಆಗಸ್ಟ್‌ನಲ್ಲೂ ಪೈಪು ಬಿಸಿಯಾಗಿಯೇ ಇರುತ್ತಿತ್ತು. ಬೆಳೆಯುವಷ್ಟು ಬೆಳೆದು, ಸರಿಯುವಷ್ಟು ಸರಿದು, ಸುಮ್ಮನೆ ನಿಂತಿರುತ್ತಿತ್ತು. ಅಣ್ಣ ಇಷ್ಟು ವರ್ಷ ಕಂಡಿದ್ದದ್ದು ನಿಂತ ಪೈಪನ್ನೇ. ಇದನ್ನು ಬಿಡಿಸಿ ಹೇಳಲು ಬಾಯಿ ತೆರೆದೆ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಬಾಯಿಂದ ಹೊರಟದ್ದು ಇಷ್ಟು: "ಸ್ವಲ್ಪ ಬಿರುಕು ಬಿಡಬಹುದು ಅಣ್ಣ, ಅದಕ್ಕೆ ಹೇಳ್ದೆ."

"ಬಿರುಕು ಬಿಟ್ರೆ ಬಿಡ್ಲಿ ಬಿಡೋ. ಹದಿನೆಂಟನೇ ತಾರೀಕು ಜಡ್ಜುಗಳು ನೋಡ್ಕೊಂಡು ಹೋಗ್ಲಿ, ಆಮೇಲೆ ನೀನೇ ಸುತ್ತಿಗೆ ತಂದು ಒಡೆದು ಹಾಕು. ನಿನ್ನ ಸ್ಟೀಮು ಬರೋದು ಇಪ್ಪತ್ತಕ್ಕೆ ತಾನೆ?"

ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು. ಆದರೂ ಮನಸ್ಸು ತಡೆಯದೆ ಅತ್ತಿಗೆಯ ಹಳೆ ಹಾಸಿಗೆಯ ಸ್ಪಂಜು ಕೇಳಿ ತಂದೆ. ಪೈಪಿನ ಕಾಲಿಗೂ ಇಟ್ಟಿಗೆಗೂ ನಡುವೆ ರಸ್ತೆ ಬದಿಯಲ್ಲಿ ಐದು ಬೆರಳು ಬಿಡಿಸಿ ಅದನ್ನು ತುರುಕಿಸಿದೆ. ಎಂಟು ಬಿಡಿಸಿದರೆ ಕಂಬ ತೀರ ದಪ್ಪವಾಗಿ ಅಸಹ್ಯ ಕಾಣುತ್ತದೆ ಎಂದು ಗಾರೆಯವನು ಮುಖ ಸಿಂಡರಿಸಿದ. ಐದೇ ಸಾಕು ಎಂದುಬಿಟ್ಟೆ.

ಹದಿನೇಳರ ಸಂಜೆ ಕೇಂದ್ರದ ಪಾಕ್ ಲುಕ್ಮಾನ್ ಕಚೇರಿಗೆ ಕರೆಸಿದರು. ಲೈನಿಗೆ ಹಬೆ ಬಿಡುವ ಜವಾಬ್ದಾರಿ ಅವರದು. ಸಾಹೇಬರನ್ನು ನಾವು ಪಾಕ್ ಅನ್ನುತ್ತೇವೆ. ಬೇರೆ ಕಡೆಯ ಕೇಂದ್ರವೊಂದು ಕೆಟ್ಟು ನಿಂತಿದೆ, ನಗರಕ್ಕೆ ವಿದ್ಯುತ್ ಸಾಲದು, ನಾಳೆ ಬೆಳಿಗ್ಗೆ ಆರಕ್ಕೇ ಹಬೆ ಬಿಡಬೇಕು ಎಂದರು. ಮೇಜಿನ ಮೇಲೆ ಚೀಟಿ ಇಟ್ಟರು. ಪೈಪು ಎಲ್ಲ ಕಡೆ ಸಲೀಸಾಗಿ ಜಾರುತ್ತದೆ, ಯಾವುದೂ ಹಿಡಿದುಕೊಂಡಿಲ್ಲ ಎಂದು ನಾನು ಬರೆದುಕೊಡಬೇಕಾದ ಚೀಟಿ.

"ಕೊನೇ ತನಕ ನಡೆದು ನೋಡಿದೀರಲ್ಲ?"

"ನೋಡಿದೀನಿ ಪಾಕ್."

"ಎಲ್ಲಾ ಸರಿ ಇದೆಯಲ್ಲ?"

ಇಲ್ಲ ಎಂದಿದ್ದರೆ ಆ ರಾತ್ರಿಯೇ ಕಂಪನಿಯವರು ಬಂದು ಇಡೀ ಊರೆದುರು ಅಣ್ಣನ ಕಂಬ ಕೆಡವುತ್ತಿದ್ದರು, ತೀರ್ಪುಗಾರರು ಬರುವುದಕ್ಕೆ ಒಂದು ರಾತ್ರಿ ಮೊದಲು. ಹಬೆಯನ್ನು ಮೊದಲು ನಿಧಾನಕ್ಕೇ ಬಿಡುತ್ತಾರೆ. ಐದು ಬೆರಳು ತುಂಬುವ ಹೊತ್ತಿಗೆ ಬೆಳಿಗ್ಗೆ ಹನ್ನೊಂದಾದರೂ ಆಗುತ್ತದೆ. ತೀರ್ಪುಗಾರರು ಒಂಬತ್ತಕ್ಕೆ ಬರುತ್ತಾರೆ. ಹತ್ತಕ್ಕೆ ಒಡೆದರಾಯಿತು. ಇಷ್ಟೆಲ್ಲ ಲೆಕ್ಕ ಹಾಕಿ "ಸರಿ ಇದೆ ಪಾಕ್" ಎಂದೆ, ರುಜು ಹಾಕಿದೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಬೆಳಿಗ್ಗೆ ಆಲೂಗಡ್ಡೆ ಎಲೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಬಾಯಿ ತೆರೆದರೆ ಹೊಗೆ. ಏಳು ಗಂಟೆಗೆ ಪೈಪು ಟಿಕ್ ಟಿಕ್ ಎನ್ನತೊಡಗಿತು. ಪಾದಗಳು ಕಿರ್ರೆಂದು ಜಾರಿದವು. ಜನ ಖುಷಿಪಟ್ಟರು. ಮೂರು ವಾರದಿಂದ ಆ ಬೆಚ್ಚಗಿನ ಪೈಪಿಲ್ಲದೆ ಊರು ನಡುಗಿಹೋಗಿತ್ತು. ಅತ್ತಿಗೆ ಬಲಗಡೆ ಕಂಬದ ಮುಂದೆ, ರಸ್ತೆಯ ಅಂಚಿನಲ್ಲೇ ಒಲೆ ಹೂಡಿ, ಬರುವವರಿಗೆಂದು ಹುದುಗಿಸಿದ ಸೋಯಾ ಕಾಳಿನ ತೆಂಪೆ ಬಿಲ್ಲೆಗಳನ್ನು ಹಿಟ್ಟಿನಲ್ಲದ್ದಿ ಕರಿಯುತ್ತಿದ್ದರು. ಎದುರುಗಡೆ ಹುಡುಗಿಯರ ವಾದ್ಯದ ತಂಡ ಸಾಲಾಗಿ ನಿಂತಿತ್ತು.

ನಾನು ಕಂಬಕ್ಕೆ ಒರಗಿದಂತೆ ಮಾಡಿ ಸಂದಿಗೆ ಕೈ ತೂರಿಸಿ ನೋಡಿದೆ. ಎಂಟೂವರೆಗೆ ಮೂರು ಬೆರಳು ಹಿಡಿಯುತ್ತಿದ್ದವು. ಒಂಬತ್ತೂವರೆಗೆ ಎರಡು. ತೀರ್ಪುಗಾರರ ಸುಳಿವಿಲ್ಲ.

"ಗೊಂಡಾಂಗ್‌ನಲ್ಲಿ ಭಾಷಣ ಮಾಡ್ತಾ ಕೂತಿದ್ದಾರಂತೆ" ಎಂದರು ಅಣ್ಣ ಹಲ್ಲು ಕಡಿಯುತ್ತ. "ಬೇಕಂತ್ಲೇ ತಡ ಮಾಡಿಸ್ತಿದ್ದಾರೆ, ಕಳ್ಳ ನನ್ಮಕ್ಕಳು."

"ಅಣ್ಣ, ಈಗ್ಲೇ ಒಡೆಯೋಣ್ವಾ?"

"ಅರ್ಧ ಗಂಟೆ ಕಣೋ. ಬಂದೇ ಬಿಟ್ರು."

ನನ್ನ ಸೊಂಟದಲ್ಲಿ ವಾಕಿಟಾಕಿ ಇತ್ತು. ಒಂದು ಮಾತು ಹೇಳಿದರೆ ಹಬೆ ನಿಲ್ಲುತ್ತಿತ್ತು. ಯಾಕೆ ಎಂದು ಕೇಳುತ್ತಿದ್ದರು, ನಿನ್ನೆಯ ರುಜು ತೆಗೆದು ಮುಖಕ್ಕೆ ಹಿಡಿಯುತ್ತಿದ್ದರು. ಎರಡು ಸಲ ಅದರ ಗುಂಡಿಯ ಮೇಲೆ ಬೆರಳಿಟ್ಟೆ, ಎರಡು ಸಲ ತೆಗೆದೆ. ಆಗ ನನಗೆ ಹೆದರಿಕೆಯಾದದ್ದು ಕೆಲಸ ಹೋಗುವುದಕ್ಕೆ. ಸಾವು ಗೀವು ಅಂತ ಮನಸ್ಸಿನೊಳಗೂ ಅಂದುಕೊಳ್ಳಲಿಲ್ಲ. ಕಂಬ ಉರುಳಿದರೆ ರಸ್ತೆಯ ಕಡೆಗೆ ಉರುಳುತ್ತದೆ, ಅಲ್ಲಿ ಯಾರೂ ಇರದಂತೆ ನೋಡಿಕೊಂಡರೆ ಸಾಕು ಎಂದುಕೊಂಡೆ.

ನಿಜ ಹೇಳದೆ ಜನರನ್ನು ಸರಿಸುವುದು ನಮಗೆ ನೀರು ಕುಡಿದಷ್ಟು ಸುಲಭ. ವಾದ್ಯದ ಹುಡುಗಿಯರಿಗೆ "ಇಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಶಾಲೆ ಗೇಟಿನ ಹತ್ರ ನಿಲ್ಲಿ" ಎಂದೆ, ಹೋದರು. ಮುದುಕರಿಗೆ ಅಲ್ಲಿ ಕುರ್ಚಿ ಹಾಕಿದ್ದಾರೆ ಎಂದೆ, ಹೋದರು. ಕೊನೆಗೆ ಅತ್ತಿಗೆಯ ಹತ್ತಿರ ಬಂದೆ. ಅಣ್ಣ ಮೂರು ಹೆಜ್ಜೆ ದೂರದಲ್ಲಿ ಪಂಚಾಯಿತಿಯವರ ಜೊತೆ ನಿಂತಿದ್ದರು.

"ಅತ್ತಿಗೆ, ಇಲ್ಲಿಂದ ಏಳಿ. ಬಂದವರ ಬೂಟಿನ ಮೇಲೆ ಎಣ್ಣೆ ಸಿಡಿಯುತ್ತೆ. ಮನೆ ಹತ್ರ ಇಟ್ಕೊಳ್ಳಿ ಒಲೆ."

"ಮನೇಲಿ ಕರಿದು ಇಲ್ಲಿಗೆ ತರೋಷ್ಟರಲ್ಲಿ ತಣ್ಣಗಾಗಲ್ವೇನೋ ಪೆದ್ದ? ಆರಿದ ತೆಂಪೆ ತಿಂದು ಮಾರ್ಕ್ಸ್ ಕೊಡ್ತಾರಾ ಅವ್ರು?" ಅತ್ತಿಗೆ ಸೊಂಟ ಹಿಡಿದುಕೊಂಡು ಎದ್ದರು. "ತಡಿ, ಕಂಬದ ಹಿಂದೆ ಕೂರ್ತೀನಿ. ಅಲ್ಲಿ ಪೈಪಿನ ಮೇಲಿನ ಹೊದಿಕೆ ತಗಡು ಹರಿದಿದೆಯಲ್ಲ, ಬೆನ್ನಿಗೆ ಬೆಚ್ಚಗಿರುತ್ತೆ. ಮೂರು ವಾರ ಆಯ್ತು ನನ್ನ ಬೆನ್ನು ಬಿಸಿ ಕಂಡು."

ಕಂಬದ ಹಿಂದೆ. ರಸ್ತೆಯ ಕಡೆಯಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ. ಒಲೆಯನ್ನು ನಾನೇ ಎತ್ತಿ ಅಲ್ಲಿಟ್ಟುಕೊಟ್ಟೆ. ಅವರು ಪೈಪಿಗೆ ಬೆನ್ನು ಕೊಟ್ಟು ಕೂತು, "ಹಾಂ, ಜೀವ ಬಂತು" ಎಂದರು. ನನಗೂ ಒಂದು ತೆಂಪೆ ಕೊಟ್ಟರು. ತಿಂದೆ.

ಹನ್ನೊಂದಕ್ಕೆ ಸಂದಿಯಲ್ಲಿ ಬೆರಳು ಹೋಗಲಿಲ್ಲ. ಹನ್ನೊಂದೂ ಕಾಲಿಗೆ ತಿರುವಿನಲ್ಲಿ ತೀರ್ಪುಗಾರರ ಕಾರು ಕಂಡಿತು, ಶಾಲೆಯ ಗೇಟಿನ ಬಳಿ ವಾದ್ಯ ಮೊಳಗಿತು. ಅಣ್ಣ ಟೋಪಿ ಸರಿಮಾಡಿಕೊಂಡು ನಡುರಸ್ತೆಗೆ ಬಂದರು. ಆಗ ಬಲಗಡೆಯ ಕಂಬ ಒಳಗಿನಿಂದ ಕೆಮ್ಮಿದ ಹಾಗೆ ಸದ್ದು ಮಾಡಿತು.

ಪೈಪು ತಳ್ಳುವುದು ಬುಡದಲ್ಲಿ ಎನ್ನುವುದನ್ನು ನಾನು ಮರೆತಿದ್ದೆ. ಇಪ್ಪತ್ತಾರು ವರ್ಷ ಅದನ್ನೇ ನೋಡಿದವನು ಮರೆತಿದ್ದೆ. ಕಂಬದ ಬುಡ ರಸ್ತೆಯ ಕಡೆಗೆ ಜಾರಿತು, ಕಾಲು ಎಳೆಸಿಕೊಂಡ ಮನುಷ್ಯನ ಹಾಗೆ ಮೇಲಿನ ಅರ್ಧ ಹಿಂದಕ್ಕೆ ಮಲಗಿತು. ರಸ್ತೆಯ ಮೇಲೆ ಬಿದ್ದದ್ದು ಒಂದು ಬುಟ್ಟಿ ಇಟ್ಟಿಗೆಯೂ ಇರಲಿಲ್ಲ. ಉಳಿದದ್ದೆಲ್ಲ ಹಿಂದೆ ಬಿತ್ತು.

ಪೈಪಿಗೆ ಏನೂ ಆಗಲಿಲ್ಲ. ಜಾಗ ಸಿಕ್ಕಿತಲ್ಲ, ಉಳಿದ ಮೂರು ಬೆರಳೂ ಬೆಳೆದು ನಿಂತಿತು. ನಾವು ಕೈಯಿಂದಲೇ ಇಟ್ಟಿಗೆ ಎತ್ತಿದೆವು. ಅಣ್ಣ ಒಂದೇ ಸಮನೆ ಅತ್ತಿಗೆಯ ಹೆಸರು ಕೂಗುತ್ತ ಅಗೆಯುತ್ತಿದ್ದರು. ಸಿಮೆಂಟಿನ ಚೂಪಿಗೆ ಅವರ ಉಗುರುಗಳು ಕಿತ್ತು ಬಂದಿದ್ದವು. ಅತ್ತಿಗೆಯ ಮುಖಕ್ಕೆ ಒಂದು ಗಾಯವೂ ಆಗಿರಲಿಲ್ಲ. ಎದೆಯಿಂದ ಕೆಳಗೆ ನೋಡುವಂತಿರಲಿಲ್ಲ.

ಏಳು ದಿನದ ಪ್ರಾರ್ಥನೆಗೆ ಇಡೀ ಊರು ಬಂತು. ಚಾಪೆಯ ಮೇಲೆ ಸಾಲಾಗಿ ಕೂತು ಓದಿದರು, ಅನ್ನದ ಪೊಟ್ಟಣ ಕಟ್ಟಿಸಿಕೊಂಡು ಹೋದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಎಂಟನೇ ದಿನ ಪೊಲೀಸರೂ ಕಂಪನಿಯವರೂ ಊರ ಸಭಾಮನೆಯಲ್ಲಿ ಮೇಜು ಹಾಕಿಕೊಂಡು ಕೂತರು. ಪಾಕ್ ಲುಕ್ಮಾನ್ ನನ್ನ ರುಜು ಇದ್ದ ಚೀಟಿ ತೆಗೆದರು.

"ಹದಿನೇಳಕ್ಕೆ ಇವರು ಎಲ್ಲಾ ಸರಿ ಇದೆ ಅಂತ ಬರೆದಿದ್ದಾರೆ. ಆಗ ಕಂಬ ಇತ್ತಾ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು ನಿಂತರು. ಕೈಬೆರಳಿಗೆಲ್ಲ ಬಟ್ಟೆ ಸುತ್ತಿತ್ತು.

"ಇರಲಿಲ್ಲ ಪಾಕ್. ಅವನು ನೋಡ್ಕೊಂಡು ಹೋದ್ಮೇಲೆ ಕಟ್ಟಿಸಿದ್ದು. ಅವನು ಬೇಡ ಅಂತಾನೆ ಅಂತ ಗೊತ್ತಿತ್ತು, ಅದಕ್ಕೇ ಮುಚ್ಚಿಟ್ಟೆ. ತಪ್ಪೆಲ್ಲ ನಂದು."

ಒಂದು ರಾತ್ರಿಯಲ್ಲಿ ಆಳೆತ್ತರದ ಎರಡರಷ್ಟು ಇಟ್ಟಿಗೆ ಕಟ್ಟಿ ಬಣ್ಣ ಬಳಿಯುವುದುಂಟೇ? ಪೊಲೀಸರು ಊರಿನವರ ಕಡೆ ನೋಡಿದರು. "ಹೌದಾ?" ನಲವತ್ತು ಜನ ಒಟ್ಟಿಗೆ ತಲೆಯಾಡಿಸಿದರು. ಗಾರೆಯವನೂ ಆಡಿಸಿದ. ಮುಖಂಡರ ಮಾತನ್ನು ಅಲ್ಲಗಳೆಯುವವರು ಅಲ್ಲಿ ಯಾರಿದ್ದರು? ಕೊನೆಗೆ ನನ್ನ ಕಡೆ ತಿರುಗಿದರು.

"ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿರಲಿಲ್ಲ ಪಾಕ್" ಎಂದೆ.

ಅಣ್ಣನಿಗೆ ಎರಡು ವರ್ಷ ಜೈಲಾಯಿತು. ನನಗೆ ಕೆಲಸ ಉಳಿಯಿತು. ತಿಂಗಳಿಗೆರಡು ಸಲ ಜಿಲ್ಲಾ ಜೈಲಿಗೆ ಹೋಗಿ ಬುತ್ತಿ ಕೊಟ್ಟು ಬರುತ್ತೇನೆ. ಹೋಗುವಾಗೆಲ್ಲ ಇವತ್ತು ನಿಜ ಹೇಳಿಬಿಡುತ್ತೇನೆ, ಕಚೇರಿಗೆ ಹೋಗಿ ಬರೆದುಕೊಡುತ್ತೇನೆ ಎಂದು ತೀರ್ಮಾನಿಸಿರುತ್ತೇನೆ. ಹೋದ ಸಲ ಅಣ್ಣನಿಗೇ ಅಂದೆ.

"ಬರೆದುಕೊಟ್ಟು? ನೀನೂ ಬಂದು ನನ್ನ ಪಕ್ಕ ಮಲಗ್ತೀಯಾ? ಬುತ್ತಿ ಯಾರು ತರ್ತಾರೆ?" ಎಂದು ಗದರಿದರು. ಅಲ್ಲಿಗೆ ಮಾತು ಮುಗಿಯಿತಲ್ಲ ಎಂದು ನನಗೆ ಹಾಯೆನಿಸಿತು. ಹೌದು, ಹಾಯೆನಿಸಿತು. ಅದನ್ನೇಕೆ ಮುಚ್ಚಿಡಲಿ.

ಅಣ್ಣ ಎರಡು ತುತ್ತು ತಿಂದು ಕೈ ನಿಲ್ಲಿಸಿದರು.

"ಆವತ್ತು ಅವಳನ್ನ ಮುಂದಿನಿಂದ ಏಳಿಸಿದ್ಯಲ್ಲ, ಏನಂತ ಹೇಳಿ ಏಳಿಸ್ದೆ?"

"ಎಣ್ಣೆ ಸಿಡಿಯುತ್ತೆ ಅಂದೆ."

"ಕಂಬ ಬೀಳುತ್ತೆ ಅಂತ ಯಾಕೆ ಅನ್ನಲಿಲ್ಲ?"

"ನೀವು ಅಲ್ಲೇ ನಿಂತಿದ್ರಿ ಅಣ್ಣ. ಪಂಚಾಯ್ತಿಯವರೂ ಇದ್ರು."

ಅಣ್ಣ ಬುತ್ತಿಯನ್ನು ಪಕ್ಕಕ್ಕೆ ಸರಿಸಿದರು. ಸಿಟ್ಟಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ, ಕೆಳತುಟಿ ಮಗುವಿನ ಹಾಗೆ ಅದುರುತ್ತಿತ್ತು.

"ನೀನು ಬಿರುಕು ಬಿಡುತ್ತೆ ಅಂದೆ ಕಣೋ. ಜನ ಸಾಯ್ತಾರೆ ಅಂದಿದ್ರೆ ನಾನೇ ಸುತ್ತಿಗೆ ಎತ್ಕೊಂಡು ಒಡೀತಿದ್ದೆ. ಎಲ್ರ ಎದುರಿಗೇ ಒಡೀತಿದ್ದೆ. ಒಡೆಯಲ್ಲ ಅಂದ್ಕೊಂಡಿದ್ಯಾ ನನ್ನ?"

"ಇಲ್ಲ ಅಣ್ಣ" ಎಂದೆ, ಮತ್ತದೇ ವಿನಯದಿಂದ. ಒಡೆಯುವುದಿಲ್ಲ ಎಂದೇ ಅಂದುಕೊಂಡಿದ್ದೆ ನಾನು.